ಹೊಲಿದವಳು ನೋಡಿದ ಸಿನಿಮಾ

ಮುಲುಂಡಿನ ಹಳೇ ಥೇಟರು, ಮಧ್ಯಾಹ್ನದ ಆಟ,
ಎಂಬತ್ತು ರೂಪಾಯಿ ಟಿಕೇಟು, ಫ್ಯಾನಿನ ಕೆಳಗಿನ ಸೀಟು.
ಪಕ್ಕದಲ್ಲಿ ಕಾಜಾ ಹಾಕುವ ಚಂದ್ರಭಾಗಾ,
ಅವಳ ಚೀಲದಲ್ಲಿ ಹುರಿದ ಶೇಂಗಾ.
ಬರೀ ಕತೆ ನೋಡೂಣು, ಹೊಲಿಗಿ ನೋಡೂದು ಬ್ಯಾಡ
ಅಂತ ಹೇಳಿದವಳು ನಾನೇ,
ಮೊದಲು ಅಂಚು ನೋಡಿದವಳೂ ನಾನೇ.

ಒಪ್ಪುತ್ತೇನೆ, ಮೊದಲ ಅರ್ಧ ಗಂಟೆ ಚೆನ್ನ.
ಹುಡುಗ ಇನ್ನೂ ಏನೂ ಆಗಿಲ್ಲ.
ಕುರ್ಲಾದ ಗ್ಯಾರೇಜಿನಲ್ಲಿ ಪಂಕ್ಚರ್ ತೆಗೆಯುತ್ತಾನೆ,
ಕಾಲಲ್ಲಿ ಇನ್ನೊಬ್ಬನ ಚಪ್ಪಲಿ, ಅಂಗಿಯ ಬಗಲು ಹರಿದಿದೆ.
ಹರಿದದ್ದು ಸರಿಯಾದ ಜಾಗದಲ್ಲೇ:
ಬೆವರು ತಿನ್ನುವ ಕಡೆ, ಕತ್ತರಿ ತಿನ್ನುವ ಕಡೆಯಲ್ಲ.
ಅದು ನನ್ನ ಕೆಲಸವಲ್ಲ.
ಯಾರು ಹರಿದರೋ ಅವರಿಗೆ ಕತ್ತಲಲ್ಲೇ ಕೈಮುಗಿದೆ.

ಶಕ್ತಿ ಬಂದ ರಾತ್ರಿ ಬಾಗಿಲ ಚಿಲಕ ಹಿಡಿದರೆ
ಚಿಲಕ ಕೈಗೇ ಬರುತ್ತದೆ.
ಒಳಗಿನಿಂದ ತಾಯಿ, ಏನಾಯ್ತೋ?
ಏನಿಲ್ಲ, ಅನ್ನುತ್ತಾನೆ.
ಚಿಲಕವನ್ನು ದಿಂಬಿನಡಿ ಇಟ್ಟು ಮಲಗುತ್ತಾನೆ.
ಸಂಗೀತವಿಲ್ಲ. ಮೇಲಿನ ಮಾಳಿಗೆಯಲ್ಲಿ ಯಾರೋ ಕೆಮ್ಮುತ್ತಾರೆ.
ಚಂದ್ರಭಾಗಾ ಶೇಂಗಾ ಅಗಿಯುವುದು ನಿಲ್ಲಿಸಿದಳು.
ಅಷ್ಟಕ್ಕೇ ನನ್ನ ಎಂಬತ್ತು ರೂಪಾಯಿ ವಸೂಲು.
ಅಲ್ಲೇ ಎದ್ದು ಬರಬೇಕಿತ್ತು.

ಯಾಕೆಂದರೆ ಆ ಶಕ್ತಿ ಬಂದದ್ದು ಹೇಗೆ ಅಂತ
ಆಮೇಲೆ ತೋರಿಸುತ್ತಾರೆ:
ಲೋಕಲ್ ಡಬ್ಬಿಯ ನೆತ್ತಿಗೆ ಹತ್ತುತ್ತಾನೆ,
ಮೇಲಿನ ತಂತಿ ಮುಟ್ಟುತ್ತಾನೆ, ನೀಲಿ ಬೆಳಕು,
ಕಣ್ಣು ಬಿಟ್ಟರೆ ಮೈಯೆಲ್ಲ ಮಿಂಚು.
ಚಂದ್ರಭಾಗಾ ನನ್ನ ಮೊಣಕೈ ಹಿಡಿದಳು.
ನಮ್ಮ ಚಾಳಿನ ಈರಪ್ಪಣ್ಣನ ಮಗನೂ ಮುಟ್ಟಿದ್ದ ಅದೇ ತಂತಿ,
ದಿವಾ ದಾಟಿದ ಮೇಲೆ, ಗಣಪತಿ ಕಳಿಸಿದ ಮರುದಿನ.
ಅವನ ಅಂಗಿಯ ಅಳತೆ ಇನ್ನೂ ನನ್ನ ವಹಿಯಲ್ಲಿದೆ,
ಎದೆ ಮೂವತ್ತೆರಡು, ತೋಳು ಇಪ್ಪತ್ತೆರಡೂವರೆ.
ಹಬ್ಬಕ್ಕೆ ಹೊಲಿಸಿದ್ದ. ರೊಕ್ಕ ಆಮ್ಯಾಲೆ ಮೌಶಿ, ಅಂದಿದ್ದ.
ಆ ತಂತಿ ಯಾರಿಗೂ ಏನೂ ಕೊಡುವುದಿಲ್ಲ.
ಬರೆದವನು ಒಂದು ದಿನ
ಸಾಯನ್ ಆಸ್ಪತ್ರೆಯಲ್ಲಿ, ಸುಟ್ಟವರ ವಾರ್ಡಿನ ಹೊರಗಿನ ಬೆಂಚಿನಲ್ಲಿ
ಕೂತು ಬರೆಯಬೇಕಿತ್ತು.

ಮಧ್ಯಂತರದ ನಂತರ ಬಟ್ಟೆ ಬರುತ್ತದೆ.
ಒಂದು ಹಾಡು ಮುಗಿಯುವಷ್ಟರಲ್ಲಿ
ತಾನೇ ಕತ್ತರಿಸಿ ತಾನೇ ಹೊಲಿದುಕೊಳ್ಳುತ್ತಾನೆ,
ಸೂಜಿಯನ್ನು ಪೆನ್ನಿನ ಹಾಗೆ ಹಿಡಿದು!
ಅಕ್ಕಲಕೋಟೆಯ ನಮ್ಮವ್ವ ನೋಡಿದ್ದರೆ
ಬೆರಳ ಗೆಣ್ಣಿಗೆ ಕೊಡುತ್ತಿದ್ದಳು ಒಂದೇಟು.
ಅಂಧೇರಿಯ ಶೆಡ್ಡಿನಲ್ಲಿ ಶಬ್ಬೀರ ಮಾಸ್ತರರು, ನಾವಿಬ್ಬರು,
ಹದಿಮೂರು ರಾತ್ರಿ,
ಒಂದೇ ಕೆಂಪಿನ ಹನ್ನೊಂದು ಕೇಪು:
ಸುಮ್ಮನೆ ನಿಲ್ಲಲು ಒಂದು,
ಹಾರಲು, ಅಂಚಿಗೆ ಸೀಸದ ಗುಂಡು ಪೋಣಿಸಿದ್ದು, ಒಂದು,
ಮಳೆಗೆ ಒಂದು, ಸುಡಲು ಮೂರು,
ಅವನ ಬದಲು ಬಿದ್ದು ಉರುಳುವ ಹುಡುಗನಿಗೆ ನಾಲ್ಕು,
ಪೋಸ್ಟರಿಗೆ ಇನ್ನೊಂದು.
ಹೀರೋ ಆದರೂ ಒಂದಕ್ಕೆ ಹೋಗಬೇಕಲ್ಲ ಮಾಸ್ತರರೇ,
ಅಂದು ಕಾಣದ ಹಾಗೆ ಜಿಪ್ಪು ಕೂಡಿಸಿದವಳು ನಾನು.
ಕತೆ ಅವನಿಗೆ ಒಮ್ಮೆಯೂ ಬಿಡುವು ಕೊಡಲಿಲ್ಲ.

ಆಮೇಲೆ ಕಟ್ಟಡ ಬೀಳುತ್ತವೆ, ಬೀಳುತ್ತವೆ, ಬೀಳುತ್ತಲೇ ಇರುತ್ತವೆ.
ಖಳನಿಗೆ ಕಾರಣವಿಲ್ಲ, ಗಡ್ಡ ಮಾತ್ರ.
ಪರೇಲಿನ ಗಿರಣಿ ಚಿಮಣಿ ಎರಡು ತುಂಡು.
ಕೆಳಗೆ ಓಡುವವರಿಗೆ ಮುಖವಿಲ್ಲ;
ಒಬ್ಬ ಹೆಂಗಸು ಮಾತ್ರ ಬಾಜಿಯ ಚೀಲ ಬಿಡದೆ ಓಡಿದಳು.
ಅವಳ ಮನೆ ಎಲ್ಲಿ, ಆ ರಾತ್ರಿ ಏನು ಅಡುಗೆ ಮಾಡಿದಳು
ಯಾರೂ ಹೇಳಲಿಲ್ಲ.
ತಾಯಿ? ಚಿಲಕದ ತಾಯಿ?
ಫೋಟೋ ಆಗಿ ಗೋಡೆ ಸೇರಿದಳು,
ಮಗನಿಗೆ ಸಿಟ್ಟು ಬರಲೆಂದು.

ಆದರೂ, ಹಾರಿದನಲ್ಲ ಮೊದಲ ಸಲ
ವಾಶಿ ಸೇತುವೆಯಿಂದ, ಖಾಡಿಯ ಮೇಲೆ,
ಕೇಪಿನ ತುಂಬ ಗಾಳಿ,
ಅಂಚು ಒಂದು ಬೆರಳಷ್ಟೂ ಮಡಚಲಿಲ್ಲ.
ಐವತ್ತಾರರ ಚಂದ್ರಭಾಗಾ ಸಿಳ್ಳೆ ಹಾಕಿದಳು.
ಆ ಅಂಚು ನಂದು, ಅಂದೆ ಮುಂದಿನ ಸೀಟಿನ ಹುಡುಗನಿಗೆ.
ಶ್ಶ್, ಅಂದ.

ಉಳಿದ ಮುಕ್ಕಾಲು ಮೀಟರು ಕೆಂಪು
ಮನೆಯಲ್ಲಿ ಮಿಕ್ಸರಿನ ಮೇಲಿದೆ.
ಹಾರುವುದಿಲ್ಲ.
ಧೂಳು ತಡೆಯುತ್ತದೆ, ಹಲ್ಲಿ ತಡೆಯುತ್ತದೆ.
ನೀರು ಬಂದ ದಿನ ಒಗೆಯಬೇಕು.