ಹಳೆಯದನ್ನೇ ಇಟ್ಟುಕೊಳ್ಳಲೆ?

ಶನಿವಾರ ದೋಣಿ ಇಳಿಯುವುದಿಲ್ಲ.
ಕಮರೀನ್ಯಸ್ ಬಂದರಿನ ಹರಾಜುಕಟ್ಟೆ
ತೊಳೆದು ಬೋರಲು ಹಾಕಿದ ಪಾತ್ರೆ.
ಮೇಲಿನ ಕೋಣೆಯಲ್ಲಿ ನಾನು, ಎಲಾಡಿಯೊ,
ಕೀಲಿಗಳ ಸಂದಿಗೆ ಉಪ್ಪು ಕೂತ ಕಂಪ್ಯೂಟರು.
ಒಂದು ಬುಟ್ಟಿ ಬೂತಾಯಿಗೆ ಒಪ್ಪಿಕೊಂಡ ಕೆಲಸ.

ಹಳೆಯ ಡೆಬಿಯನ್‌ಗೆ ಇನ್ನು ತೇಪೆ ಹಾಕುವುದಿಲ್ಲವೆಂದು
ಮಾಡಿದವರೇ ಕೈತೊಳೆದುಕೊಂಡಾಗಿದೆ.
ಎರಡು ಸಲ ನಕಲು ತೆಗೆದಿಟ್ಟೆ:
ತೂಕದ ಲೆಕ್ಕ, ದೋಣಿಗಳ ಪಟ್ಟಿ,
ಎಲಾಡಿಯೊನ ಮೊಮ್ಮಗಳು ಹಲ್ಲಿಲ್ಲದೆ ನಗುವ ಫೋಟೊ.
ಆಮೇಲೆ ಆಜ್ಞೆ ಕೊಟ್ಟು, ಎಂಟರ್ ಒತ್ತಿ,
ಕೈ ಮಡಿಲಲ್ಲಿಟ್ಟು ಕೂತೆ.

ಸಾವಿರದ ಆರುನೂರ ಹನ್ನೆರಡು ಗಂಟುಗಳು.
ಒಂದೊಂದೂ ಬಿಚ್ಚಿಕೊಳ್ಳುತ್ತ, ಕಟ್ಟಿಕೊಳ್ಳುತ್ತ,
ಕಪ್ಪು ಪರದೆಯ ಮೇಲೆ ಬಿಳಿಯ ಸಾಲು
ಗೋಡೆಯ ಇರುವೆಗಳಂತೆ ಮೇಲೆ ಹತ್ತಿತು.
ಎಲಾಡಿಯೊ ಓದಲು ಹೋಗಿ ಬಿಟ್ಟ.
"ಇದೇನು, ಪಾದ್ರಿಯ ಲ್ಯಾಟಿನ್ನೆ?"
"ಹೆಚ್ಚುಕಡಿಮೆ" ಅಂದೆ.

ಮುಕ್ಕಾಲು ದಾರಿಯಲ್ಲಿ ನಿಂತು ಕೇಳಿತು:
ಪ್ರಿಂಟರಿನ ಈ ಕಡತವನ್ನು ಯಾರೋ ತಿದ್ದಿದ್ದಾರೆ,
ಹೊಸದನ್ನು ಹಾಕಲೆ, ಹಳೆಯದನ್ನೇ ಇಟ್ಟುಕೊಳ್ಳಲೆ?
ಯಾರೋ ಏನು, ನಾನೇ.
ತಾರೀಖು ಇದೆ. ಫೆಬ್ರವರಿ, ರಾತ್ರಿ ಎರಡೂಕಾಲು.
ಯಾಕೆ ತಿದ್ದಿದೆ, ಯಾವ ಬಿರುಗಾಳಿಯ ರಾತ್ರಿ ಅದು,
ಯಾರು ಪಕ್ಕದಲ್ಲಿ ಬೈಯುತ್ತ ನಿಂತಿದ್ದರು,
ಒಂದೂ ನೆನಪಿಲ್ಲ.
ಬರೀ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ.
ಒತ್ತಿದೆ.
ಮರೆತದ್ದನ್ನು ಕಾಯುವುದು ಇಷ್ಟು ಸುಲಭ.

ಸಂಜೆಗೆ ಹೊಸ ಬಾಗಿಲು ತೆರೆಯಿತು.
ಮೂಲೆಯಲ್ಲೊಂದು ಹಲ್ಲುಚಕ್ರ, ಮುಟ್ಟಿದರೆ ಹೆಸರುಗಳು:
ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ.
ಒಂದೇ ಮನೆ, ಮೂರು ಹೊಸಿಲು.

ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.
ಎಕ್ಸ್‌ಎಫ್‌ಸಿಇ. ಕೆಳಗೆ ಪಟ್ಟಿ, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ,
ಇದ್ದದ್ದು ಇದ್ದಲ್ಲಿ.
ಅರವತ್ಮೂರರ ಮನುಷ್ಯ, ಭುಜ ಮುರಿದು ದಡ ಸೇರಿದವನು,
ಆ ಕೈಗೆ ಇನ್ನೊಂದು ಪಾಠವೇಕೆ?
ಪ್ಲಾಸ್ಮಾದಲ್ಲಿ ಗುಂಡಿಗೊಂದು ಗುಂಡಿ, ಅದಕ್ಕೊಂದು ಮರಿ,
ಥೇಟು ನಮ್ಮತ್ತೆಯ ಹೊಲಿಗೆ ಡಬ್ಬಿ.
ಗ್ನೋಮ್ ತೋರಿಸುವಾಗ ಕ್ಷಮೆ ಕೇಳುವ ದನಿ ಬಂತು ನನಗೆ:
"ಇದರಲ್ಲಿ ಏನೂ ಇಲ್ಲ, ನೋಡು."

ಅವನ ಕೈ ತಾನಾಗಿ ಎಡಗಡೆ ಕೆಳಮೂಲೆಗೆ ಹೋಯಿತು.
ಅಲ್ಲಿ ಮೆನು ಇರಲಿಲ್ಲ. ನೀಲಿ ಇತ್ತು.
ಬಾಣ, ನೀರು ಮುಟ್ಟಿದ ಗಾಳದಂತೆ
ಸ್ವಲ್ಪ ನಡುಗಿ ನಿಂತಿತು.
"ಎಲ್ಲಿ ಇಟ್ಟಿದ್ದಾರೆ?"
"ಮೇಲೆ. ಎಡಕ್ಕೆ."
ಹೋದ. ಮುಟ್ಟಿದ. ಕಿಟಕಿಗಳೆಲ್ಲ ಹಿಂದೆ ಸರಿದು
ಒಣಹಾಕಿದ ಮೀನಿನಂತೆ ಹರಡಿಕೊಂಡವು.
ನಕ್ಕ. ಮತ್ತೆ ಮುಟ್ಟಿದ. ಮತ್ತೆ.

"ಐದು ದೋಣಿಯಲ್ಲಿ ದುಡಿದೆ, ಉಶಿಯಾ.
ಐದರಲ್ಲೂ ಚಾಕು ಸಿಕ್ಕಿಸುವ ಜಾಗ ಬೇರೆ.
ಮೊದಲ ದಿನ ಬೈಗುಳ, ಎರಡನೆಯ ದಿನ ಗಾಯ,
ಮೂರನೆಯ ದಿನ ಕೈ ಕೇಳುವುದನ್ನು ಬಿಡುತ್ತದೆ.
ಇದೇ ಇರಲಿ. ಡೆಕ್ಕು ಖಾಲಿ ಇದೆ."

ಪ್ರಿಂಟರಿಗೆ ಒಂದು ಚೀಟಿ ಕಳಿಸಿ ನೋಡಿದೆವು.
ಬಂತು, ಓರೆಯಾಗಿ, ಯಾವತ್ತಿನ ಹಾಗೆ.
ಫೆಬ್ರವರಿಯಲ್ಲಿ ನಾನು ತಿದ್ದಿದ್ದು ಇದನ್ನೇ ಇರಬೇಕು.
ಅಥವಾ ಕೆಡಿಸಿದ್ದು.
ಬೂತಾಯಿ ಸೋಮವಾರ ಎಂದ.

ಮನೆಯಲ್ಲಿ, ನನ್ನ ಮೇಜಿನ ಮೇಲೆ, ನನ್ನದು.
ಅದೇ ಹಳೆಯ ಡೆಬಿಯನ್, ಅದೇ ಅವಧಿ ಮುಗಿದದ್ದು.
ಗತಿಯಿಲ್ಲದವಳಿಗೆ ಹಳೇ ಗಂಡನ ಪಾದ, ಸರಿ.
ಮೂರು ಗತಿ ಎದುರಿಗಿಟ್ಟುಕೊಂಡು ಕೂತವಳಿಗೆ?
ಆಜ್ಞೆ ಬೆರಳಿನಲ್ಲೇ ಇತ್ತು. ಅರ್ಧ ಬರೆದೆ.
ಸುಮ್ಮನೆ, ನೋಡೋಣವೆಂದು,
ಬಾಣವನ್ನು ಎಡಗಡೆ ಕೆಳಮೂಲೆಗೆ ಒಯ್ದೆ.

ಇತ್ತು.
ಅಲ್ಲೇ ಇತ್ತು.