ಇಪ್ಪತ್ತು ಗಿಡಗಳ ಲೆಕ್ಕ

ಇಪ್ಪತ್ತು ಗಿಡಕ್ಕೆ ಕೆಂಪು ದಾರ ಕಟ್ಟಿದ್ದೇನೆ,
ಶಿಕಾರಿಪುರದಾಚೆ, ಅಂಜನಾಪುರದ ಕಾಲುವೆ ನೀರು
ತಲುಪಿದರೆ ತಲುಪಿತು ಎನ್ನುವ ಕಟ್ಟಕಡೆಯ ಹೊಲದಲ್ಲಿ.
ಗೋವಿನಜೋಳ ಸೂಲಂಗಿ ಒಡೆಯುವ ಹೊತ್ತು.
ಪ್ರತಿ ಸೋಮವಾರ ಸುಳಿ ಬಿಡಿಸಿ
ಭೂತಗನ್ನಡಿ ಹಿಡಿದು ಹೇನು ಎಣಿಸುವುದು ನನ್ನ ಕೆಲಸ.
ದಿನಗೂಲಿ. ಪೆನ್ಸಿಲ್ಲು ಮಾತ್ರ ಕಚೇರಿಯದು.

"ತಲೆಹೇನು ನೋಡಿದೋಳಿಗೆ ಇದೇನು ಮಹಾ"
ನಕ್ಕಳು ಗೋಮ್ಲಿಬಾಯಿ, ಬದುವಿನ ಹುಲ್ಲು ಕೊಯ್ಯುತ್ತ.
ನಿಜ. ಆದರೆ ಅಲ್ಲಿ ಕುಕ್ಕಿದರೆ ಮುಗಿಯಿತು,
ಇಲ್ಲಿ ಬರೆಯಬೇಕು.

ಮೊದಲ ವಾರ ಒಂಬತ್ತು.
ಎರಡನೆಯದು ಎಪ್ಪತ್ತು.
ಗಂಡಿಲ್ಲ, ಮದುವೆಯಿಲ್ಲ, ಮೊಟ್ಟೆಯೂ ಇಲ್ಲ,
ಹೆಣ್ಣು ಹೆಣ್ಣನ್ನೇ ಹೆರುತ್ತದೆ,
ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ.
ಬಾಣಂತನಕ್ಕೂ ಬಿಡುವಿಲ್ಲದ ವಂಶ.
ಮೂರನೆಯ ವಾರ ಒಂದೇ ಎಲೆಯಲ್ಲಿ ನಾನೂರು ದಾಟಿ
ತಪ್ಪಿತು; ಮತ್ತೆ ಮೊದಲಿಂದ.

ಎಲೆಯೆಲ್ಲ ಜೋನಿಬೆಲ್ಲ ಸವರಿದಂತೆ ಅಂಟು.
ಇರುವೆಗಳು ಬಂದವು, ಮೀಸೆಯಲ್ಲಿ ಬೆನ್ನು ತಟ್ಟಿ
ಹನಿ ಹನಿ ಕರೆದುಕೊಂಡು ಹೋದವು,
ಡೈರಿಗೆ ಕ್ಯಾನು ಹೊತ್ತವರ ಸಾಲು.

ಹಾಲೇಶಣ್ಣ ಪಂಪು ಇಳಿಸಿ ಕೇಳಿದ:
"ಹೊಡೀಲೇನವ್ವಾ? ಪಕ್ಕದೋರು ನಿನ್ನೇನೇ ಹೊಡೆದ್ರು."
ನನ್ನ ಪುಸ್ತಕದ ಎಡಗಡೆ ಹೇನು,
ಬಲಗಡೆ ಅದರ ಶತ್ರು.
ಬಲಗಡೆ ಒಂದೇ ಒಂದು ಗುಲಗಂಜಿ ಹುಳ,
ಅದೂ ಹಾರಿಹೋಗುತ್ತಿದ್ದುದು.
"ಒಂದು ವಾರ ತಡೀರಿ" ಅಂದೆ,
ಯಾರ ಬಲದ ಮೇಲೆ ಅಂದೆನೋ.
ಆ ವಾರ ನಿದ್ದೆ ಬರಲಿಲ್ಲ.

ಸೋಮವಾರ ಎಲೆ ತಿರುಗಿಸಿದರೆ
ಅಕ್ಷತೆಯ ಕಾಳು ನೆಟ್ಟಗೆ ನಿಲ್ಲಿಸಿದಂತೆ ಹಳದಿ ಮೊಟ್ಟೆ.
ಪಕ್ಕದಲ್ಲಿ ಮೊಸಳೆಮರಿಯಂಥ ಕಪ್ಪು ಹುಳ
(ಗುಲಗಂಜಿಯ ಕೂಸೆಂದು ಯಾರೂ ನಂಬರು)
ಒಂದಾದ ಮೇಲೊಂದು ಹೇನು ತಿನ್ನುತ್ತಿತ್ತು,
ಅವಸರವಿಲ್ಲದೆ, ಹುರಿಗಡಲೆ ತಿನ್ನುವವರ ಹಾಗೆ.
ಕಣ್ಣಿಲ್ಲದ ನೊಣದ ಮರಿ ತಡಕಾಡಿ ತಡಕಾಡಿ
ಸಿಕ್ಕಿದ್ದನ್ನು ಎತ್ತಿ ಹಿಡಿದು ಹೀರುತ್ತಿತ್ತು.
ಕೆಲವು ಹೇನು ಉಬ್ಬಿ, ಕಂದಾಗಿ, ಸುಮ್ಮನೆ ಕೂತಿದ್ದವು:
ಒಳಗೆ ಕಣಜವೊಂದು ಬೆಳೆದು
ಬೆನ್ನಲ್ಲಿ ದುಂಡಗೆ ಬಾಗಿಲು ಕೊರೆದು ಹೋಗಿತ್ತು.
ಅದನ್ನು ಯಾವ ಕಡೆ ಬರೆಯಲಿ,
ಎಡಕ್ಕೋ, ಬಲಕ್ಕೋ?
ಗೆರೆಯ ಮೇಲೇ ಬರೆದೆ.

ಐದನೇ ವಾರ ಇನ್ನೂರು. ಆರಕ್ಕೆ ಹನ್ನೊಂದು.
ಪಕ್ಕದ ಹೊಲದಲ್ಲಿ, ಹೊಡೆದ ಹತ್ತೇ ದಿನಕ್ಕೆ,
ಹೇನು ಮಾತ್ರ ತಿರುಗಿ ಬಂದಿತ್ತು.
ಹಾಲೇಶಣ್ಣ ಎರಡು ಸೌತೆಕಾಯಿ ಕೊಟ್ಟ. ಮಾತಾಡಲಿಲ್ಲ.

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಏಳನೇ ವಾರ:
ಬರಿದಾದ ಎಲೆಯ ಮೇಲೆ ಗುಲಗಂಜಿಗಳು ಅತ್ತಿತ್ತ ನಡೆದು
ತಮ್ಮವೇ ಮೊಟ್ಟೆ ತಿನ್ನುತ್ತಿದ್ದವು.
ಭೂತಗನ್ನಡಿ ಚೀಲಕ್ಕಿಳಿಸಿದೆ. ಮತ್ತೆ ತೆಗೆದೆ;
ಕೂಲಿ ಎಣಿಸುವುದಕ್ಕೆ, ಮುಖ ತಿರುಗಿಸುವುದಕ್ಕಲ್ಲ.

ಎಂಟು: ಎಡಕ್ಕೆ ಸೊನ್ನೆ, ಬಲಕ್ಕೆ ಸೊನ್ನೆ.
ದಾರ ಬಿಚ್ಚಿ ಸುತ್ತಿಕೊಂಡೆ.
ಸಂಜೆ ಶಿರಾಳಕೊಪ್ಪದ ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚಿದಾಗ
ಕುಪ್ಪಸದ ತೋಳಿನಂಚಲ್ಲಿ ಒಂದು ಹೇನು,
ಈ ಸಲ ರೆಕ್ಕೆಯಿತ್ತು.
ಬರೆಯೋಣವೆಂದರೆ
ಪೆನ್ಸಿಲ್ಲು ಆಗಲೇ ಕಚೇರಿಗೆ ವಾಪಸ್ಸು ಕೊಟ್ಟಾಗಿತ್ತು.