ತೊಟ್ಟಿಯ ಹಿಂದಿನ ಲೆಕ್ಕ

ಒಡೆಯುವುದಕ್ಕೆ, ಒಡೆದದ್ದನ್ನು ಕೆಳಗಿಳಿಸುವುದಕ್ಕೆ: ಮುನ್ನೂರ ಎಂಬತ್ತು.
ಲಿಫ್ಟಿಲ್ಲದ ನಾಲ್ಕನೆಯ ಮಹಡಿ, ಎಂಬತ್ತೊಂದು ಮೆಟ್ಟಿಲು,
ಎಣಿಸಿದವನು ಜೈಲ್ಸನ್, ಹೊರುವವನೂ ಅವನೇ.
ಸೀಸದ ಕೊಳವೆ ಕಿತ್ತು ಹೊಸತು ಕೂರಿಸಲು: ಆರುನೂರ ಹತ್ತು.
ಟೈಲು, ಹದಿನಾಲ್ಕು ಚದರ ಮೀಟರು, ಬರೀ ಬಿಳಿ.
ಹೂವು ಬೇಡ ಅಂದರು ದೊನಾ ಎರ್ಮೆಲಿಂಡಾ,
ಹೂವಿದ್ದರೆ ಮೀಟರಿಗೆ ಒಂಬತ್ತು ಯೂರೋ ಜಾಸ್ತಿ.
ಮುನ್ನೂರ ಎಂಟು.
ತೊಟ್ಟಿಯ ಜಾಗದಲ್ಲಿ, ಕಾಲೆತ್ತದೆ ಒಳಹೋಗುವ ಷವರು: ಇನ್ನೂರ ನಲವತ್ತು.
ನನ್ನ ಕೂಲಿ ಸಾವಿರದ ನೂರೈವತ್ತು.
ರಸೀದಿ ಬೇಕಾದರೆ ತೆರಿಗೆ ಬೇರೆ.

ರಸೀದಿ ಬೇಡ ಅಂದರು.
ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿನ ಹತ್ತಿರ ತಂದು
ಎರಡು ಸಲ ಓದಿದರು.
'ಅದೇರಿತು, ಇಷ್ಟರಲ್ಲಿ ನನ್ನನ್ನು ಮಣ್ಣು ಮಾಡಬಹುದಲ್ಲೋ,
ಹಿತ್ತಾಳೆ ಹಿಡಿಯ ಪೆಟ್ಟಿಗೆಯಲ್ಲಿ.'
ಅದಕ್ಕೂ ಮೊದಲು ಮೀಯಿಸಬೇಕಲ್ಲ ಅಂದೆ.
ನಕ್ಕರು. ಕೆಲಸ ಸಿಕ್ಕಿತು.

ಪೋರ್ತುವಿನ ಈ ಓಣಿಯ ಮನೆಗಳು
ಒಂದನ್ನೊಂದು ಒರಗಿ ನಿಂತ ಕುಡುಕರು,
ಒಂದರ ಹಲ್ಲು ಕಿತ್ತರೆ ಪಕ್ಕದ್ದರ ದವಡೆ ಅಲುಗುತ್ತದೆ.
ಮೆಲ್ಲಗೆ ಒಡೆದೆವು.
ಎರಡನೆಯ ದಿನ ತೊಟ್ಟಿ ಎತ್ತಿದಾಗ
ಒಂದು ಬಾಚಣಿಗೆ, ಒಂದು ಹೇರ್‌ಪಿನ್ನು,
ಕಲ್ಲಾದ ಸೋಪಿನ ಚೂರು,
ಮತ್ತೆ, ಟೈಲು ಹಚ್ಚದೆ ಬಿಟ್ಟ ಗಾರೆಯ ಮೇಲೆ, ಪೆನ್ಸಿಲಿನಲ್ಲಿ:

ಸಿಲ್ವೆರಿಯು, ಮಾರ್ಚ್ ೭೧
ಒಟ್ಟು ೩೨೦೦
ಬಂದದ್ದು ೨೮೦೦
ಬಾಕಿ ೪೦೦

ನಮ್ಮವರ ಅಭ್ಯಾಸವೇ ಅದು.
ಕಾಗದ ಕಳೆಯುತ್ತದೆ, ಗೋಡೆ ಎಲ್ಲಿಗೂ ಹೋಗುವುದಿಲ್ಲ.
ಆದರೂ ಕರೆಯಬಾರದಿತ್ತು ನಾನು.

ಬಂದು ನೋಡಿದರು. ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ.
'ಪೂರ್ತಿ ಕೊಟ್ಟೆ ಅಂದಿದ್ದ ಫಿರ್ಮಿನು.'
ಸ್ವಲ್ಪ ಹೊತ್ತು ಬಿಟ್ಟು:
'ಆ ಮಾರ್ಚಿನಲ್ಲೇ ನನಗೊಂದು ಕೋಟು ಬಂತು,
ಹಸಿರು, ಇಷ್ಟಗಲದ ಗುಂಡಿ.
ಎಲ್ಲಿಂದ ಅಂದರೆ, ಬಚ್ಚಲ ಕೆಲಸದಲ್ಲಿ ಉಳಿಯಿತು ಅಂದ.'
ಮತ್ತೂ ಸ್ವಲ್ಪ ಹೊತ್ತು.
'ಅದನ್ನೇ ಹಾಕಿಕೊಂಡು ಇಗರ್ಜಿಗೆ ಹೋಗಿದ್ದೇನೆ ನಾನು.
ಇಪ್ಪತ್ತು ಚಳಿಗಾಲ. ಮುಂದಿನ ಬೆಂಚಿಗೆ.'

ಜೈಲ್ಸನ್ ಇಪ್ಪತ್ತೆರಡರ ಹುಡುಗ,
ಎಸ್ಕುದೋ ಅನ್ನುವ ದುಡ್ಡನ್ನು ಈ ಊರಲ್ಲಿ ಕಂಡವನಲ್ಲ.
ಫೋನು ತೆಗೆದು ಗುಣಿಸಿ ಭಾಗಿಸಿ ಹೇಳಿದ:
ನಾನೂರು ಅಂದರೆ ಈಗ ಎರಡು ಯೂರೋ.
ಎರಡಕ್ಕೂ ಅರ್ಧ ಪೈಸೆ ಕಮ್ಮಿ.

ಅರವತ್ತು ದಿನದ ರೊಟ್ಟಿ ಅಂದರು ಅವರು.
ಅವನಿಗಲ್ಲ, ಗೋಡೆಗೆ.

ಒಳಗೆ ಹೋಗಿ ಎರಡರ ನಾಣ್ಯ ತಂದು ನನ್ನ ಅಂಗೈಯಲ್ಲಿಟ್ಟರು.
ಸಿಲ್ವೆರಿಯು ಯಾರೆಂದು ನನಗೆ ಗೊತ್ತಿಲ್ಲ ದೊನಾ, ಅಂದೆ.
'ಗಾರೆ ಕಲಸುವವನು ತಾನೆ? ನೀನೂ ಕಲಸುತ್ತೀಯ. ಇಟ್ಟುಕೋ.'
ನನ್ನ ಬೆರಳನ್ನು ತಾವೇ ಮಡಚಿದರು,
ಮಗುವಿನ ಕೈಗೆ ಬಸ್ಸಿನ ಚಿಲ್ಲರೆ ಕೊಟ್ಟ ಹಾಗೆ.

ಆ ನಾಣ್ಯವನ್ನು ಗೋಡೆಯಲ್ಲಿ ಹುಗಿದೆ ಅಂದರೆ
ಕೇಳುವುದಕ್ಕೆ ಚೆನ್ನಾಗಿರುತ್ತದೆ.
ಹುಗಿಯಲಿಲ್ಲ.
ಮೂಲೆಯ ಅಂಗಡಿಯಲ್ಲಿ ಎರಡು ಕಾಫಿ ಕುಡಿದೆವು,
ಜೈಲ್ಸನ್ ಮೂರು ಚಮಚ ಸಕ್ಕರೆ ಹಾಕಿಕೊಂಡ,
ಮೂವತ್ತು ಸೆಂಟು ನನ್ನ ಜೇಬಿನಿಂದಲೇ ಹೋಯಿತು.

ಹದಿಮೂರನೆಯ ದಿನ ಷವರಿನ ಮೂಲೆಗೆ ಬಂದೆ.
ಅಲ್ಲಿವರೆಗೆ ಬಂದದ್ದು ಎರಡು ಸಾವಿರ,
ಉಳಿದದ್ದು ಪಿಂಚಣಿ ಬಂದ ಹಾಗೆ, ತಿಂಗಳಿಗೆ ಎಂಬತ್ತಾರು,
ಎಂಟು ತಿಂಗಳು.
ಅವರಿಗೆ ಎಂಬತ್ನಾಲ್ಕು. ನಾನೇನೂ ಕೇಳಲಿಲ್ಲ.

ಪಕ್ಕದ ಕೋಣೆಯಲ್ಲಿ ಬೀರುವಿನ ಬಾಗಿಲು ಕಿರುಗುಟ್ಟಿತು,
ಹ್ಯಾಂಗರುಗಳು ಒಂದಕ್ಕೊಂದು ತಾಗಿದವು,
ಆಮೇಲೆ ಬಹಳ ಹೊತ್ತು ಸದ್ದಿಲ್ಲ.
ಸಿಲ್ವೆರಿಯುವಿನ ಅಕ್ಷರ ಒರೆಸದೆ
ಅದರ ಕೆಳಗೆ, ಕಿವಿಯ ಸಂದಿನ ಪೆನ್ಸಿಲು ತೆಗೆದು ಬರೆದೆ:

ಅದೇರಿತು. ಒಟ್ಟು ೨೬೮೮.
ಬಾಕಿ ೬೮೮.
ಮೇಲಿನದು ಚುಕ್ತಾ.

ಅಂಟು ಬಳಿದೆ, ಹಲ್ಲಿನ ಕರಣಿಯಿಂದ ಗೆರೆ ಎಳೆದೆ,
ಬಿಳಿ ಟೈಲನ್ನು ಒತ್ತಿ ಹಿಡಿದೆ,
ಹಿಡಿಯುವವರೆಗೂ.